ಒದ್ದೆ ಕೈ

ನಲವತ್ತೊಂದು ವರ್ಷ ಪಿಯಾನೊ ಹೊತ್ತವನು ನಾನು, ರೊಮುವಾಲ್ಡ್.
ಈ ವುಚ್ ಪಟ್ಟಣದ ಯಾವ ಮೆಟ್ಟಿಲು ಎಲ್ಲಿ ಸವೆದಿದೆ,
ಯಾವ ತಿರುವಿನಲ್ಲಿ ಕಂಬಿ ಮೊಣಕೈ ಕಚ್ಚುತ್ತದೆ,
ಕತ್ತಲಲ್ಲೂ ಹೇಳಬಲ್ಲೆ.
ಆದರೆ ಪಿಯಾನೊ ಉಸಿರಾಡುವುದಿಲ್ಲ.
ಕೈಬಿಟ್ಟರೆ ಇದ್ದಬದ್ದ ಸ್ವರಗಳಲ್ಲೆಲ್ಲ ಒಮ್ಮೆ ಕಿರುಚಿ
ಸುಮ್ಮನಾಗುತ್ತದೆ, ಅಷ್ಟೆ.

ಜನವರಿ. ಹೊರಗೆ ಸೊನ್ನೆಗಿಂತ ಹನ್ನೊಂದು ಕೆಳಗೆ.
ಮೂರನೆಯ ಮಹಡಿಯಿಂದ ಲುಡ್ಮಿವಾ ಫೋನು ಮಾಡಿದಳು:
"ಒಂದು ಇಳಿಸಬೇಕಿತ್ತು. ಐವತ್ನಾಲ್ಕು ಮೆಟ್ಟಿಲು.
ಉದ್ದ ನೂರ ಎಂಟು ಸೆಂಟಿಮೀಟರು.
ತೂಕ ಗೊತ್ತಿಲ್ಲ, ತೂಗಲು ಬಿಡುವುದಿಲ್ಲ."

ಟ್ರಾಮ್ ಓಡಿಸಿ ನಿವೃತ್ತಳಾದವಳು. ಹದಿನಾಲ್ಕು ವರ್ಷದ ಹಿಂದೆ
ಸಂತೆಯಿಂದ, ಪ್ಲಾಸ್ಟಿಕ್ ಚೀಲದಲ್ಲಿ, ಹೆಬ್ಬೆರಳುದ್ದದ
ಕೆಂಪು ಬಾಲದ ಮೀಸೆಮೀನು ತಂದಳಂತೆ.
ಎಷ್ಟು ಬೆಳೆದೀತೆಂದು ಮಾರಿದವನು ಬಾಯಿ ಬಿಡಲಿಲ್ಲ.
ಮೀನು ಬಿಟ್ಟಿತು:
ಜೊತೆಯವರನ್ನು ನುಂಗಿತು, ಥರ್ಮಾಮೀಟರು ನುಂಗಿತು,
ಗೋಡೆಯಿಂದ ಗೋಡೆಗೆ ತೊಟ್ಟಿ ಕಟ್ಟಿಸಿತು,
ಕೊನೆಗೆ ಹಿಂದಿರುಗಿ ನೋಡಲೂ ಬೆನ್ನು ಮಡಿಸಬೇಕಾಯಿತು.
ಅಧ್ಯಕ್ಷ ಎಂದು ಹೆಸರು. ಕರೆದರೆ ಬರುತ್ತದೆ,
ಬಂದು ಗುಡುಗುತ್ತದೆ.

ಕೆಳಗೆ, ಮುಚ್ಚಿಹೋದ ದರ್ಜಿಯಂಗಡಿಯಲ್ಲಿ, ಹೊಸ ತೊಟ್ಟಿ.
ಮೂರು ವಾರದಿಂದ ಹಳೆಯ ನೀರನ್ನು ಬಕೆಟ್ಟು ಬಕೆಟ್ಟಾಗಿ ಹೊತ್ತು
ಹಾಲಿಗೆ ಹೆಪ್ಪು ಬಿಡುವ ಹಾಗೆ
ಹೊಸ ನೀರಿಗೆ ಬಿಟ್ಟು, ಬೆಚ್ಚಗಿಟ್ಟು, ಕಾದಿದ್ದಾಳೆ.
ಎರಡು ದಿನದಿಂದ ಅದಕ್ಕೆ ಉಪವಾಸ.
ಅವಳಿಗೂ, ಮುಖ ನೋಡಿದರೆ.

ದೀಪ ಆರಿಸಿದಳು. ಇನ್ನು ಪಿಸುಮಾತು ಮಾತ್ರ.
"ಬಲೆ ಬೇಡ. ರೆಕ್ಕೆಯ ಮುಳ್ಳು ಸಿಕ್ಕಿಕೊಂಡರೆ
ಬಲೆ ಕತ್ತರಿಸಬೇಕು, ಇಲ್ಲವೇ ಅದನ್ನು.
ಬಾಲ ಹಿಡಿದು ಎತ್ತಬೇಡಿ. ನೀರಿನಲ್ಲಿ ಹಗುರ ಅದು,
ಗಾಳಿಗೆ ಬಂದರೆ ತನ್ನ ಭಾರ ತನಗೇ ಶತ್ರು."
ಟಾರ್ಪಾಲಿನಿಂದ ತಾನೇ ಹೊಲಿದ ಜೋಲಿ ನೀರಿಗಿಳಿಸಿದಳು.
ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು,
ಹಿಡಿತಕ್ಕೆ ಸೀಮೆಸುಣ್ಣದ ಪುಡಿ, ನಮ್ಮ ಕಸುಬಿನ ವಿಭೂತಿ.
ಮಣಿಕಟ್ಟು ಹಿಡಿದಳು.
"ಒಣ ಕೈ ಬೇಡ. ಆ ಲೋಳೆಯೇ ಅದರ ಅಂಗಿ."

ಮೊಣಕೈವರೆಗೆ ಅದ್ದಿದೆ.
ಜಾರುವ ಕೈಯಲ್ಲಿ ಹೊರುವುದೆಂದರೇನು
ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.
ಅಧ್ಯಕ್ಷರು ಜೋಲಿಯೊಳಗೆ ತಾವಾಗಿ ಬಂದರು,
ಸೀಗಡಿಯ ವಾಸನೆಗೆ.

ಮುಂದೆ ಟೊಬಿಯಾಷ್, ಹಿಂದೆ ನಾನು,
ಪಕ್ಕದಲ್ಲಿ ಪಶುವೈದ್ಯ ಓದುತ್ತಿರುವ ಯಾಗ್ನಾ,
ಹಿಮ್ಮುಖವಾಗಿ ಇಳಿಯುತ್ತ ಲುಡ್ಮಿವಾ,
ಅದರ ಕಣ್ಣಿನ ಮೇಲೆ ಒದ್ದೆ ಕಂಬಳಿ ಹಿಡಿದುಕೊಂಡು.
ಎರಡನೆಯ ಮಹಡಿಯ ತಿರುವಿನಲ್ಲಿ ಒದೆಯಿತು.
ನನ್ನ ಬೂಟಿನೊಳಗೆ ನೀರು. ಮೊಣಕಾಲು ನಡುಗಿತು.
"ಎತ್ತಬೇಡಿ. ಇಳಿಸಬೇಡಿ. ನಿಲ್ಲಿ."
ನಿಂತೆವು. ಜೋಲಿಯೊಳಗಿಂದ ಒಂದು ಗುಡುಗು,
ನನ್ನ ಪಕ್ಕೆಲುಬಿನಲ್ಲಿ ಸದ್ದಾಯಿತು.

ಬಾಗಿಲು ತೆರೆದ ಹಣ್ಣುಮುದುಕ ನಮ್ಮನ್ನು ನೋಡಿದ,
ನಾಲ್ಕು ಜನ, ನಡುವೆ ಮುಚ್ಚಿಕೊಂಡದ್ದು,
ಟೋಪಿ ತೆಗೆದು ಶಿಲುಬೆ ಗೀರಿಕೊಂಡ.
"ಯಾರು?"
"ಅಧ್ಯಕ್ಷರು," ಎಂದ ಟೊಬಿಯಾಷ್.
"ಒಳ್ಳೆಯವರಿದ್ದರು," ಎಂದ ಮುದುಕ.

ಅಂಗಡಿಯಲ್ಲಿ ಸುರಿಯಲು ಬಿಡಲಿಲ್ಲ.
ಜೋಲಿಯನ್ನೇ ಮುಳುಗಿಸಿ ಒಂದು ತುದಿ ಬಿಚ್ಚಿದಳು.
ಹೊರಬರಲಿಲ್ಲ.
ಹನ್ನೊಂದು ನಿಮಿಷ. ಭುಜ ಉರಿಯುತ್ತಿತ್ತು.
"ತಳ್ಳಲೇ?"
"ಬೇಡ. ಮೂವತ್ತು ವರ್ಷ ಬಾಗಿಲು ತೆರೆದು ಕಾದಿದ್ದೇನೆ.
ಇಳಿಯುವವರು ಇಳಿಯುತ್ತಾರೆ."

ಹೋಯಿತು. ಯಾವಾಗ ಎಂದು ಯಾರಿಗೂ ಕಾಣಲಿಲ್ಲ,
ಜೋಲಿ ಮಾತ್ರ ಹಗುರಾಯಿತು.
ಮೂಲೆಗೆ ಮುಖಮಾಡಿ ಮುನಿಸಿಕೊಂಡು ನಿಂತಿತು ದೈತ್ಯ ಮಗು.
ಹಾರದಂತೆ ಹಲಗೆ ಮುಚ್ಚಿ, ಕಲ್ಲು ಹೇರಿ,
ಕತ್ತಲಲ್ಲೇ ದರ್ಜಿಯ ಸ್ಟೂಲಿನ ಮೇಲೆ ಕೂತಳು.
ಹಣ ಕೊಡಲು ಮರೆತಳು. ನಾನೂ.

ಮರುದಿನ ಶಾಲೆಯೊಂದರ ಪಿಯಾನೊ.
ಸುಣ್ಣದ ಪುಡಿಗೆ ಕೈ ಹಾಕಿ ಯಾಕೋ ತಡೆದೆ.
"ಏನಾಯಿತು?" ಎಂದ ಟೊಬಿಯಾಷ್.
ಏನಿಲ್ಲ. ಆ ದೀಪ ಆರಿಸು.