ಒಂದಡಿ, ಅವೆನ್ಯೂ ರಸ್ತೆ

ಶನಿವಾರ ಮಧ್ಯಾಹ್ನ. ದಸ್ತಗೀರ್ ಸಾಹೇಬರ ಅಂಗಡಿಯ
ಗಾಜಿನ ಮೇಜಿನ ಮೇಲೆ ಏಳು ಸ್ಕೇಲು.
ಏಳೂ ಹೊಳೆಯುತ್ತವೆ. ಅದೇ ತೊಂದರೆ.
ಟ್ಯೂಬ್‌ಲೈಟಿನ ಕೆಳಗೆ ಕಣ್ಣಿಗೆ ಹೊಡೆದರೆ
ಮೂರೂವರೆ ಯಾವುದು, ನಾಲ್ಕು ಯಾವುದು?
ಮಂಕು ಮೈಯದು ತೆಗೀರಿ ಎಂದೆ,
ಗೆರೆ ಕಪ್ಪಗೆ ಕೂತಿರಬೇಕು.

"ಅಲ್ಯೂಮಿನಿಯಂ ಕೊಡಲಾ ಮೇಡಂ? ಹಗುರ, ಅಗ್ಗ."
ಬೇಡ. ಬ್ಲೇಡು ಅದನ್ನು ತಿನ್ನುತ್ತದೆ,
ಅದು ಟ್ರೇಸಿಂಗ್ ಹಾಳೆಗೆ ಬೂದಿ ಬಳಿಯುತ್ತದೆ.
"ಮೂರು ಮೂಲೆಯದು? ಆರು ಅಳತೆ ಒಂದರಲ್ಲೇ."
ಇದೆ ಸಾಹೇಬರೆ. ಅವಸರದಲ್ಲಿ ಮಗ್ಗುಲು ಬದಲಾಗಿ
ಒಮ್ಮೆ ಮಲಗುವ ಕೋಣೆ
ಕಲ್ಯಾಣಮಂಟಪವಾಗಿತ್ತು.

ಆಫೀಸಿನ ಹುಡುಗರು ಪರದೆಯ ಮೇಲೆ ಎಳೆಯುತ್ತಾರೆ ಈಗ.
ಪ್ರಿಂಟು ಬಂದ ಮೇಲೆ ತಪ್ಪು ಹಿಡಿಯುವವಳು ನಾನು.

ಉಗುರನ್ನು ಗೆರೆಗಳ ಮೇಲೆ ಮೆಲ್ಲಗೆ ನಡೆಸುತ್ತೇನೆ.
ಕೊರೆದದ್ದಾದರೆ ಉಗುರು ಎಡವುತ್ತದೆ,
ಅಚ್ಚೊತ್ತಿದ್ದಾದರೆ ಜಾರುತ್ತದೆ,
ಎರಡು ಬೇಸಿಗೆಯ ಅಂಗೈ ಬೆವರಿಗೆ
ಬೋಳು ತಗಡು.

ಆರೋಗ್ಯಸ್ವಾಮಿ ಫೋರ್‌ಮನ್ ಹೇಳಿಕೊಟ್ಟಿದ್ದು ಇದು,
ಪೀಣ್ಯದ ಶೆಡ್ಡಿನಲ್ಲಿ, ನನಗಾಗ ಇಪ್ಪತ್ತು:
ಎರಡು ಸ್ಕೇಲನ್ನು ಅಂಚಿಗೆ ಅಂಚು ತಾಗಿಸು.
ಬೆಳಕಿಗೆ ಹಿಡಿ. ಬೆಳಕು ನುಸುಳಿತೋ,
ಎರಡರಲ್ಲೊಂದು ಸುಳ್ಳು ಹೇಳುತ್ತಿದೆ.
ಯಾವುದೆಂದು ತಿಳಿಯಲು ಮೂರನೆಯದು ತಾ.
ಮೂರನ್ನೂ ನಂಬಬೇಡ; ಗೆರೆ ಎಳೆದು,
ಸ್ಕೇಲು ಮಗುಚಿ, ಅದೇ ಗೆರೆ ಮತ್ತೆ ಎಳೆ.
ಹೇಳುತ್ತ ಹೇಳುತ್ತ ಅವರ ಟೀ ಆರುತ್ತಿತ್ತು.

ಇನ್ನು ಸೊನ್ನೆ.
ನನ್ನ ಹಳೆಯದರ ಸೊನ್ನೆ ಸವೆದಿತ್ತು.
ಅರ್ಧ ಮಿಲಿಮೀಟರು, ಅಷ್ಟೇ.
ಒಂದಕ್ಕೆ ನೂರರ ನಕ್ಷೆಯಲ್ಲಿ
ಅಷ್ಟೇ ಎಂದರೆ ಎರಡು ಇಂಚು.
ಕಾಮಾಕ್ಷಿಪಾಳ್ಯದ ಮೂವತ್ತು ನಲವತ್ತು ಸೈಟು,
ಎಲ್ಲಾ ಬಿಟ್ಟು ಉಳಿದ ಸಂದಿಯಲ್ಲಿ ಮೆಟ್ಟಿಲು.
ಕಬ್ಬನ್‌ಪೇಟೆಯಲ್ಲಿ ನೀಲಿ ಪ್ರತಿ ತೆಗೆಸುವಾಗ
ಅಮೋನಿಯಾಕ್ಕೆ ಕಣ್ಣುರಿದಿತ್ತು;
ತಪ್ಪು ನೀಲಿಯಲ್ಲಿ ಚೆನ್ನಾಗೇ ಮೂಡಿತ್ತು.
ಮರಿಗಂಗಮ್ಮನ ಮದುವೆಯ ಬೀರು
ತಿರುವಿನಲ್ಲಿ ನಿಂತಿತು. ಮೇಲೆ ಹೋಗದು, ಕೆಳಗೆ ಬಾರದು.
ಹಮಾಲಿಗಳು ನಾಲ್ವರೂ ಬೀಡಿ ಹಚ್ಚಿದರು.
ಆಕೆ ಬೈಯಲಿಲ್ಲ.
"ಎರಡು ಬೆರಳು ಬಿಟ್ಟಿದ್ದರೆ ಸಾಕಿತ್ತಮ್ಮ" ಎಂದಳು,
ಬೆರಳೆರಡು ಎತ್ತಿ ತೋರಿಸಿ.
ಕತ್ತಲಾಗುವಾಗ ಇಳಿಸಿದರು. ಬೀರು ಈಗಲೂ
ಕೆಳಗೇ ಇದೆ, ಸ್ಕೂಟರಿನ ಪಕ್ಕ.

ಅದಕ್ಕೇ ಸಾಹೇಬರೆ, ಅಳೆದೂ ಸುರಿದೂ ಮಾಡುತ್ತಿದ್ದೇನೆ,
ಬೇಜಾರು ಮಾಡಿಕೊಳ್ಳಬೇಡಿ.
ಸೊನ್ನೆ ತೀರ ತುದಿಗಿರುವುದು ಬೇಡ.
ಸ್ವಲ್ಪ ಒಳಗಿರಲಿ, ಧೂಳಿಗೆ ಹೆದರಿ
ಬಸ್ಸಿನ ಕಿಟಕಿ ಬಿಟ್ಟು ಕೂತವರ ಹಾಗೆ.
ಬೆನ್ನಿಗೆ ಕಾರ್ಕು ಇದ್ದರೆ ಶಾಯಿ ಅಡಿಗೆ ನುಗ್ಗದು.

ಆರನೆಯದು ಕೈಗೆ ಕೂತಿತು.
ನೂರ ಎಂಬತ್ತು.
ನೂರ ಎಪ್ಪತ್ತು ಮಾಡಿಕೊಳ್ಳಿ?
"ಉಕ್ಕು ಮೇಡಂ, ಬಗ್ಗಲ್ಲ."
ಹಳೆಯ ಜೋಕು. ಆದರೂ ಇಬ್ಬರೂ ನಕ್ಕೆವು.

ಹೊರಗೆ ಹೂವಿನಾಕೆ ಮೊಳಕೈಯಿಂದ ಬೆರಳ ತುದಿಗೆ
ಕಾಕಡ ಅಳೆಯುತ್ತಿದ್ದಳು.
ಗಿಡ್ಡ ಕೈ. ಹದಿನಾರು ಇಂಚು,
ಎಂದು ನನ್ನ ಕಣ್ಣು ಕೇಳದೆಯೇ ಲೆಕ್ಕ ಒಪ್ಪಿಸಿತು.
ಅವಳು ದಾರ ಕಡಿಯುವ ಮುಂಚೆ
ಕೊಸರು ಬಿಟ್ಟಳು, ಎರಡು ಬೆರಳು.
ನನ್ನ ಚೀಲದಲ್ಲಿ, ಕಂದು ಕಾಗದದೊಳಗೆ,
ಕೂದಲೆಳೆಯಷ್ಟೂ ಕೊಸರು ಕೊಡದ ಒಂದಡಿ.

ಹಳೆಯದನ್ನು ಎಸೆದಿಲ್ಲ. ತಿಕ್ಕಿ ತೊಳೆದು
ಅಡುಗೆಮನೆಗೆ ಕೊಟ್ಟಿದ್ದೇನೆ.
ಕೊಬ್ಬರಿ ಮಿಠಾಯಿಗೆ ಗೆರೆ ಹಾಕುವುದು ಈಗ ಅದೇ.
ಸೊನ್ನೆಯಿಂದಲ್ಲ, ಒಂದರಿಂದ ಶುರು ಮಾಡುತ್ತೇನೆ, ಅಭ್ಯಾಸ.
ಆದರೂ ಮೂಲೆಯ ತುಂಡೊಂದು
ಯಾವಾಗಲೂ ತುಸು ದೊಡ್ಡದೇ ಬರುತ್ತದೆ.
ಯಾರೂ ದೂರು ಕೊಟ್ಟಿಲ್ಲ.