ನಡುವಿನ ಗೀಟು

ನಮ್ಮ ಊರಿನ ಹೆಸರಿನಾಗ ಒಂದು ಗೀಟು ಐತಿ.
ಗದಗ, ಸಣ್ಣದೊಂದು ಅಡ್ಡಗೀಟು, ಆಮ್ಯಾಲೆ ಬೆಟಗೇರಿ.
ಮೂವತ್ತೊಂದು ವರ್ಷ ಮೊಳೆ ಜೋಡಿಸಿದ ಕೈ ಇದು,
ಆ ಗೀಟು ಯಾವ ಖಾನೇದಾಗ ಇರತಿತ್ತು ಅಂತ
ಕತ್ತಲದಾಗೂ ಹೇಳತೇನಿ:
ಕೆಳಗಿನ ಸಾಲು, ಬಲಕ್ಕ ಕೊನೀದು,
ಪೂರ್ಣವಿರಾಮದ ಬಾಜೂಕ.

ನಗರಸಭೆಯವರ ಕೆಲಸ ಬಂದಾಗೆಲ್ಲ
ಮೊದಲ ಸವಿಯೂದು ಅದs.
ಎರಡೂ ಊರು ಕೂಡಿ ಎಷ್ಟೋ ವರ್ಷ ಆತು,
ಬೆಟಗೇರಿ ನೇಕಾರ ಮಾತ್ರ ಹಳಿ ದಾಟೂ ಮುಂದ
ಇನ್ನೂ ಹೆಂಡತಿಗೆ ಹೇಳಿ ಬರತಾನ:
"ಗದಗಿಗೆ ಹೋಗಿ ಬರತೇನಿ."

ವಿಲೀನ ಅನ್ನೋ ಶಬ್ದ ನಾ ಮೊದಲ ಜೋಡಿಸಿದ್ದು
ಬ್ಯಾಂಕಿನ ನೋಟೀಸಿಗೆ.
ಸಣ್ಣದು ದೊಡ್ಡದರಾಗ.
ಗ್ರಾಹಕರಿಗೆ ಯಾವುದೇ ತೊಂದರೆ ಇರುವುದಿಲ್ಲ.
ಮರುವರ್ಷ ಆ ಸಣ್ಣ ಬ್ಯಾಂಕಿನ ಜವಾನ ಪರಪ್ಪ ಬಳಿಗೇರ
ಮಗಳ ಮದುವಿ ಕಾರ್ಡು ಮಾಡಿಸಾಕ ಬಂದಾಂವ,
"ನನ್ನ ಹೆಸರಿನ ಕೆಳಗ ಹಳೇ ಬ್ಯಾಂಕs ಹಾಕ್ರಿ" ಅಂದ.
ಹಾಕಿದೆ.

ಸತ್ತವರ ಕಾರ್ಡಿಗೆ ಅರ್ಧ ಶಬ್ದ ಸಾಕು.
ಪಂಚಭೂತಗಳಲ್ಲಿ ಲೀನರಾದರು.
ಅಲ್ಲಿ ವಿ ಬೇಡ.
ಯಾಕ ಬೇಡ, ಯಾವ ಮನಿಯವರೂ ಕೇಳಿಲ್ಲ.

ಪ್ರೂಫ್ ತಿದ್ದಾಕ ಬರತಿದ್ದ ಕಲ್ಮಠ ಮಾಸ್ತರನ್ನ ಕೇಳಿದೆ.
ಚಹಾ ಬಸಿಗೆ ಸುರಕೊಂಡು ಅಂದ್ರು:
"ಕೂಡೂದಕ್ಕೂ ಕಾಯ್ದೆ ಅದಾವೋ.
ಊರು, ಅಲ್ಲಿ. ಊರಲ್ಲಿ.
ಒಂದು ಉಕಾರ ಹೋತು, ಯಾರೂ ಅಳಲಿಲ್ಲ. ಲೋಪ.
ಮನೆ, ಅಲ್ಲಿ. ಮನೆಯಲ್ಲಿ.
ನಡುವ ಯಕಾರ ಬಂದು ಕುಂತಿತು,
ಬೀಗರ ಮಾತಿನಾಗ ಕುಂದರೂ ಹಿರೇರಂಗ. ಆಗಮ.
ಮಳೆ, ಕಾಲ. ಮಳೆಗಾಲ.
ಬಿರುಸಿದ್ದ ಕಕಾರ ಮೆತ್ತಗಾತು,
ಹೊಸ ಸಾಹೇಬರ ಮುಂದ ನಿಂತಂಗ. ಆದೇಶ."
"ಹಂಗಾರ ವಿಲೀನದಾಗ ಯಾರು ಹೋಗತಾರ್ರಿ, ಯಾರು ಬರತಾರ?"
ಮಾಸ್ತರು ಬಸಿ ಕೆಳಗಿಟ್ಟರು.
"ಅದು ವ್ಯಾಕರಣ ಅಲ್ಲಪ್ಪಾ, ಸರಕಾರದ್ದು."

ಆಫ್‌ಸೆಟ್ ಬಂತು. ಮಾಲಕರು ಮೊಳೆ ಮಾರಿದರು, ತೂಕದ ಲೆಕ್ಕ.
ಕೊಳ್ಳಾಂವ ಹುಬ್ಬಳ್ಳಿಯ ಬ್ಯಾಟರಿ ಅಂಗಡಿಯವ,
"ನನಗ ಅಕ್ಷರ ಬ್ಯಾಡ, ಗಟ್ಟಿ ಬೇಕು" ಅಂದ.
ನಾನೂ, ಮಶೀನಿನ ಮೋದಿನಸಾಬನೂ
ಹಿತ್ತಲದಾಗ ಮೂರು ಕಲ್ಲು ಹೂಡಿ ಬಾಣಲಿ ಇಟ್ಟಿವಿ.

ಮದುವಿ ಕಾರ್ಡಿನ ಶ್ರೀ, ತಿಥಿ ಕಾರ್ಡಿನ ಓಂ,
ಉರುಸಿನ ಹ್ಯಾಂಡ್‌ಬಿಲ್ಲಿನ ಚಂದ್ರ,
ಗಿರಣಿ ಸಂಘದವರು ಬೇಡಿ ಬೇಡಿ ಹಾಕಿಸಿಕೊಂಡ
ಉದ್ಗಾರದ ಗೆರಿ,
ಬಾಣಲಿಯೊಳಗ ಹೆಗಲಿಗೆ ಹೆಗಲು ಕೊಟ್ಟು ನಿಂತವು,
ನಿಂತವು,
ಆಮ್ಯಾಲೆ ಮೊಣಕಾಲು ಬಿಟ್ಟವು.
ಬೆಳ್ಳಗಿನ ನೀರು. ಅದರಾಗ ನನ್ನ ಮುಖ ಕಾಣತಿತ್ತು,
ಓದಾಕ ಏನೂ ಇದ್ದಿಲ್ಲ.
ಮ್ಯಾಲೆ ಕರ್ರಗೆ ಕೆನಿ ಕಟ್ಟಿತು, ಮೂವತ್ತೊಂದು ವರ್ಷದ ಮಸಿ.
ಮೋದಿನಸಾಬ ಸೌಟಿನಿಂದ ಎತ್ತಿ ಎತ್ತಿ ಚೆಲ್ಲಿದ.
"ಇದೊಂದು ಕೂಡವಲ್ದು ನೋಡು" ಅಂದ.

ಹೋದ ಜೂನಿಗೆ ನಮ್ಮ ಓಣಿಯ ಸಾಲಿ ಬಾಗಿಲಿಗೆ
ಒಂದು ಹಾಳಿ ಹಚ್ಚಿದರು. ಮಕ್ಕಳ ಸಂಖ್ಯೆ ಕಡಿಮೆ ಇರುವುದರಿಂದ.
ಮೊಮ್ಮಗಳು ಸೃಷ್ಟಿ ಒಂದೊಂದs ಅಕ್ಷರ ಕೂಡಿಸಿ ಓದಿದಳು:
ವಿ. ಲೀ. ನ.
"ಹಂಗಂದ್ರೇನಜ್ಜಾ?"
ಸಕ್ಕರಿ ನೀರಿನಾಗ ಕರಗೂದು ಅಂದೆ.
"ನಾವು ಸಕ್ಕರಿನೋ, ನೀರೋ?"

ಈಗ ಹೊಸ ಸಾಲ್ಯಾಗ ನಮ್ಮ ಓಣಿಯ ಎಂಟು ಮಂದಿ
ಒಂದs ಬಾಕಿನ ಮ್ಯಾಲೆ ಒತ್ತಿ ಕುಂದರತಾವಂತ.
ನಾಲ್ಕು ಬಾಕು ಖಾಲಿ ಇದ್ದರೂ.

ಮೊನ್ನೆ ಸಂಜಿಕ ನೋಟುಬುಕ್ಕಿಗೆ ಹಾಳಿ ಹಾಕಿ ಕೇಳಿದಳು,
ಸಾಲಿ ಹೆಸರು ಯಾವದು ಬರೀಲಿ, ಹಳೇದೋ ಹೊಸದೋ?
ಎರಡೂ ಬರಿ, ನಡುವ ಒಂದು ಗೀಟು ಎಳಿ ಅಂದೆ.
ಪಟ್ಟಿ ಇಟ್ಟಳು, ನಾಲಿಗಿ ತುದಿ ಕಚ್ಚಿದಳು,
ಎಳೀತs ಹೋದಳು.
ಎರಡೂ ಹೆಸರಿಗಿಂತ ಗೀಟs ಉದ್ದ ಆತು.

ಇಷ್ಟು ಬೇಕಾಗಿದ್ದಿಲ್ಲ.
ಹೇಳಲಿಲ್ಲ.