ಅಳತೆ ಪುಸ್ತಕ

ನಾನು ಕೇಳಿದ್ದು ಒಂದು ಹಾಳೆ.
ಕಾವಲ್‌ಭೈರಸಂದ್ರ, ನಾಲ್ಕನೇ ಅಡ್ಡರಸ್ತೆ,
ಹಿಟ್ಟಿನ ಗಿರಣಿ ಎದುರಿನ ಮೋರಿ.
ಚಪ್ಪಡಿ ಹದಿನಾಲ್ಕು, ಕಾಮಗಾರಿ ಮುಗಿದಿದೆ
ಅಂತ ಫಲಕ ನೆಟ್ಟಿದ್ದಾರಲ್ಲ,
ಆ ಹದಿನಾಲ್ಕನ್ನು ಅಳೆದವರು ಬರೆದಿಟ್ಟ ಹಾಳೆ.

ಹನ್ನೊಂದು ನನ್ನ ಕಣ್ಣಿಗೆ ಕಾಣುತ್ತವೆ.
ಹನ್ನೆರಡನೆಯದು ಇರಬೇಕಾದ ಕಡೆ
ಪೇಪರ್ ಹಾಕುವ ಸಾದಿಕ್‌ನ ಸೈಕಲ್ಲು ಇಳಿಯಿತು,
ಜೊತೆಗೆ ಅವನ ಮೊಣಕಾಲು.

ಅರ್ಜಿ ನೂರೈವತ್ತು ಪದ ದಾಟಬಾರದಂತೆ.
ನನ್ನದು ಮೂವತ್ತೆಂಟು.
ರವಿಕೆ ಹೊಲಿಯುವವಳಿಗೆ
ಬಟ್ಟೆ ಉಳಿಸುವುದನ್ನು ಹೇಳಿಕೊಡಬೇಕೆ?
ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು
ಗುಂಡುಪಿನ್ನು ಚುಚ್ಚಿ ಕೊಟ್ಟೆ.
ಗುಮಾಸ್ತ ಬೆಳಕಿಗೆ ಹಿಡಿದು ನೋಡಿದ,
ಗಿರಾಕಿ ತಂದ ಹಳೇ ರೇಷ್ಮೆಯನ್ನು ನಾನು ನೋಡುವ ಹಾಗೆ:
ಎಲ್ಲಿ ಸವೆದಿದೆ, ಎಲ್ಲಿ ಪಿಸಿಯುತ್ತದೆ ಅಂತ.

ನಲವತ್ತೊಂದನೆಯ ದಿನ ಉತ್ತರ ಬಂತು.
ತಾವು ಕೋರಿದ ಮಾಹಿತಿ
ನಾಲ್ಕು ಸಾವಿರದ ಇನ್ನೂರ ಹದಿನೆಂಟು ಪುಟ,
ಪುಟಕ್ಕೆ ಎರಡರಂತೆ
ಎಂಟು ಸಾವಿರದ ನಾನೂರ ಮೂವತ್ತಾರು ಪಾವತಿಸತಕ್ಕದ್ದು.

ಕತ್ತರಿಸುವ ಮೇಜಿನ ಮೇಲೆ
ಸೀಮೆಸುಣ್ಣದಲ್ಲೇ ಲೆಕ್ಕ ಹಾಕಿದೆ.
ಲೈನಿಂಗ್ ಇಲ್ಲದ ರವಿಕೆಗೆ ನೂರ ಎಂಬತ್ತು.
ನಲವತ್ತಾರು ರವಿಕೆ,
ಇನ್ನೊಂದು, ಹುಕ್ಕು ಹಚ್ಚದ್ದು.

ಮೂವತ್ತು ದಿನ ದಾಟಿದರೆ ಪುಕ್ಕಟೆ ಕೊಡಬೇಕು
ಅನ್ನುತ್ತದೆ ಅವರದೇ ಕಾಯ್ದೆ,
ಕಲಂ ಏಳು, ಅದರ ಹೊಟ್ಟೆಯೊಳಗಿನ ಆರು.
ಆ ಒಳಮಡಿಕೆ ಬಿಚ್ಚಿ ತೋರಿಸಿದೆ, ಮೇಲ್ಮನವಿಯಲ್ಲಿ.
ಮೇಲಿನ ಸಾಹೇಬರು ದುಡ್ಡಿನ ಮಾತು ಬಿಟ್ಟರು.
ಹಾಳೆ ಬಿಡಲಿಲ್ಲ.
ಅದು ಗುತ್ತಿಗೆದಾರರ ಖಾಸಗಿ ಮಾಹಿತಿಯಂತೆ.

ಖಾಸಗಿ!
ಈ ಬೀದಿಯ ಹೆಂಗಸರ ಎದೆ, ತೋಳು, ಕಂಕುಳ ಸುತ್ತಳತೆ,
ಯಾರು ಬಸುರಿಯಾದಾಗ ಎಷ್ಟು ಬಿಚ್ಚಿದೆ,
ಯಾರು ಕಾಯಿಲೆ ಬಿದ್ದಾಗ ಎಷ್ಟು ಹಿಡಿದೆ,
ಹನ್ನೊಂದು ನೋಟುಪುಸ್ತಕ ಇವೆ ನನ್ನ ಟ್ರಂಕಿನಲ್ಲಿ.
ಯಾವುದನ್ನು ಯಾರ ಮುಂದೆ ಆಡಬಾರದು
ಅಂತ ನನಗೆ ಗೊತ್ತು ಸ್ವಾಮಿ.
ಬೀದಿಯಲ್ಲಿ ಬಿದ್ದಿರುವ ಕಲ್ಲಿಗೆ ಎಂಥ ಸೆರಗು?

ಆಯೋಗದಲ್ಲಿ ನನ್ನ ಸರದಿ ಬರುವ ಹೊತ್ತಿಗೆ
ಒಂದು ವರ್ಷ ಏಳು ತಿಂಗಳು.
ಸಾದಿಕ್ ಪಿಯುಸಿ ಮುಗಿಸಿದ.
ಈಗಲೂ ಮೆಟ್ಟಿಲಿಳಿಯುವಾಗ
ಅವನ ಎಡಗೈ ಗೋಡೆ ಹುಡುಕುತ್ತದೆ.

ಎಂಜಿನಿಯರು ಎದ್ದುನಿಂತರು.
ಕಡತ ಲಭ್ಯವಿಲ್ಲ, ಮಹಾಸ್ವಾಮಿ.
ಕಚೇರಿ ಬದಲಾಯಿಸುವಾಗ, ಗೋದಾಮು, ಗೆದ್ದಲು,
ಹುಡುಕುತ್ತಾ ಇದ್ದೇವೆ.

ಅವರ ಹಳೇ ಕಾಗದ ಚೀಲದಲ್ಲೇ ಇತ್ತು,
ಬಟ್ಟೆಯ ತುಂಡುಗಳ ನಡುವೆ, ಮೊಹರಿನ ಸಮೇತ.
ತೆಗೆದೆ.
ಇಲ್ಲದ ಕಡತದ ಪುಟಗಳನ್ನು
ನಾಲ್ಕು ಸಾವಿರದ ಇನ್ನೂರ ಹದಿನೆಂಟು ಅಂತ
ಎಣಿಸಿದವರು ಯಾರು? ಕೇಳಿದೆ.
ಹದಿನೇಳಲ್ಲ. ಹತ್ತೊಂಬತ್ತಲ್ಲ.

ಫ್ಯಾನು ಮೂರು ಸುತ್ತು ತಿರುಗಿತು.
ಆಯುಕ್ತರು ಮೊದಲ ಸಲ ತಲೆಯೆತ್ತಿ
ನನ್ನನ್ನಲ್ಲ, ಅವರನ್ನು ನೋಡಿದರು.
ಎಣಿಸಿದವರನ್ನೇ ಕರೆತನ್ನಿ ಅಂತ ಬರೆಸಿದರು.
ಮುಂದಿನ ದಿನಾಂಕ ಇಪ್ಪತ್ತಮೂರು.

ಶಿವಾಜಿನಗರದಲ್ಲಿ ಬಸ್ಸು ಬದಲಾಯಿಸಿ ಬಂದವಳು
ಮನೆಗೆ ಹೋಗಲಿಲ್ಲ.
ಗಿರಣಿಯ ಬೆಳಕಿನಲ್ಲಿ ಮೋರಿಯಂಚಿಗೆ ಕೂತು
ಕೊರಳಿನ ಟೇಪು ಬಿಚ್ಚಿದೆ.
ಗಿರಣಿಯ ಅಂದಾನಪ್ಪ ಟಾರ್ಚು ಹಿಡಿದ,
ಏನು ಮುನಿಲಕ್ಷ್ಮಮ್ಮ, ಮೋರಿಗೂ ರವಿಕೆಯಾ ಅಂದ.
ನಗು ಬಂತು. ಅಳತೆ ತಪ್ಪಲಿಲ್ಲ.

ಹನ್ನೆರಡನೇ ಪುಸ್ತಕ, ಮೊದಲ ಹಾಳೆ:
ಗಿರಾಕಿ, ನಾಲ್ಕನೇ ಅಡ್ಡರಸ್ತೆ.
ಅಗಲ ಮೂವತ್ತಮೂರು ಇಂಚು.
ಉದ್ದ, ಮೂರು ಚಪ್ಪಡಿಯಷ್ಟು ಕತ್ತಲೆ.
ಕೊಡುವ ದಿನ ಅನ್ನುವಲ್ಲಿ
ಇಪ್ಪತ್ತಮೂರು ಎಂದು ಬರೆದೆ,
ಪೆನ್ಸಿಲ್ಲಿನಲ್ಲಿ.